ಬೈಕಿನ ಮೇಲೆ ರೊಟ್ಟಿ ಒಲೆ: ಪವನಾ ದಂಡೆಯ ಒಂದು ರಾತ್ರಿಗೆ ಬೇಕಾದ ಸರಂಜಾಮು

ಪುಣೆಯಿಂದ ಬೈಕಿನಲ್ಲಿ ಪವನಾ ಡ್ಯಾಮಿನ ದಂಡೆಗೆ ಕ್ಯಾಂಪಿಂಗ್‌ಗೆ ಹೊರಡುವವರು ಮೊದಲು ಟೆಂಟ್ ಕೊಳ್ಳುತ್ತಾರೆ. ಅಡುಗೆಯ ವಿಚಾರ ಕೊನೆಗೆ ಬರುತ್ತದೆ, ಬಂದು ಮ್ಯಾಗಿ ಪೊಟ್ಟಣದ ಹತ್ತಿರ ನಿಲ್ಲುತ್ತದೆ. ನಾನು ಲೆಕ್ಕ ಹಾಕುವುದು ಉಲ್ಟಾ. ರಾತ್ರಿ ಬಿಸಿ ಜೋಳದ ರೊಟ್ಟಿ ಆಗಬೇಕು. ಅದಕ್ಕೆ ಎಂಥ ಒಲೆ, ಎಷ್ಟು ನೀರು, ಎಷ್ಟು ಕಟ್ಟಿಗೆ ಎಂಬುದು ಗೊತ್ತಾದರೆ ಗಾಡಿಯ ಮೇಲೆ ಟೆಂಟು, ಬೆಳಗಿನ ಗುರಿ ಅಭ್ಯಾಸದ ಬಿಲ್ಲುಬಾಣದಂಥ ಉಳಿದ ಸಾಮಾನಿಗೆ ಎಷ್ಟು ಜಾಗವಿದೆ ಎಂದೂ ಗೊತ್ತಾಗುತ್ತದೆ. ಇಲ್ಲಿ ಹೇಳುವುದೆಲ್ಲ ಇಬ್ಬರಿಗೆ, ಒಂದು ರಾತ್ರಿಗೆ, ನವೆಂಬರಿನಿಂದ ಫೆಬ್ರವರಿವರೆಗಿನ ಹವೆಗೆ.

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಹಳೆಯ ಮುಂಬೈ ರಸ್ತೆ ಹಿಡಿದು ಕಾಮಶೇತ್‌ನಲ್ಲಿ ಎಡಕ್ಕೆ ತಿರುಗಬೇಕು. ಪೆಟ್ರೋಲನ್ನು ಹೆದ್ದಾರಿಯಲ್ಲೇ ತುಂಬಿಸಿಕೊಳ್ಳಿ. ಮಲಗುವುದು ರೈತರ ಜಮೀನಿನಲ್ಲಿ, ಕೇಳಿಕೊಂಡು, ದುಡ್ಡು ಕೊಟ್ಟು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅದಿರಲಿ, ಡಿಸೆಂಬರ್ ಹೊತ್ತಿಗೆ ಸಹ್ಯಾದ್ರಿಯ ಹುಲ್ಲು ಒಣಗಿ ಕಿಡಿಗೆ ಕಾದು ಕೂತಿರುತ್ತದೆ. ಎಲ್ಲಿ ಬೆಂಕಿ ಹಾಕಬಹುದು ಎಂದು ಜಮೀನಿನ ಕಾಕಾ ತೋರಿಸಿದರೆ ಅಲ್ಲೇ ಹಾಕಿ, ವಾದ ಬೇಡ.

ಒಲೆ ಅಂದರೆ ಘಮೇಲಾ, ಕಟ್ಟಡ ಕೆಲಸದಲ್ಲಿ ಕಾಂಕ್ರೀಟ್ ಹೊರುವ ಕಬ್ಬಿಣದ ಬುಟ್ಟಿ. ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿ ಎಂಬ ಓಣಿಯಲ್ಲಿ ಸಿಗುತ್ತದೆ. ಕಪ್ಪು ಕಬ್ಬಿಣದ್ದನ್ನೇ ಕೇಳಿ. ಬೆಳ್ಳಗೆ ಹೊಳೆಯುವುದಕ್ಕೆ ಸತುವಿನ ಲೇಪ ಇರುತ್ತದೆ. ಅದು ವಿಪರೀತ ಕಾದಾಗ ಬರುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ತಳದಿಂದ ಎರಡು ಬೆರಳು ಮೇಲೆ ಸುತ್ತಲೂ ಹತ್ತು ಎಂಎಂನ ಹತ್ತು ತೂತು ಕೊರೆಸಿದರೆ ಗಾಳಿ ಆಡುತ್ತದೆ. ಬಾಯಿಯ ಮೇಲೆ ಅಡ್ಡಲಾಗಿ ಇಡಲು ಎರಡು ಕಬ್ಬಿಣದ ಪಟ್ಟಿ ಸಾಕು, ಹಂಚು ಅವುಗಳ ಮೇಲೆ ಕೂರುತ್ತದೆ. ಕೆಂಡಕ್ಕೂ ಹಂಚಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ, ನಾಲ್ಕು ಬೆರಳಿಗಿಂತ ಹೆಚ್ಚು ಅಂತರವಿರಲಿ. ಹಂಚು, ಪಟ್ಟಿ, ಹಿಟ್ಟು ನಾದುವ ತಟ್ಟೆ ಎಲ್ಲವೂ ಇದೇ ಘಮೇಲಾದೊಳಗೆ ಕೂತು ಗಾಡಿ ಏರುತ್ತವೆ.

ನೆಲದ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡುವುದೇ ಚಂದ ಅನ್ನುವವರಿದ್ದಾರೆ. ಇಲ್ಲಿಯ ಕಲ್ಲು ಬಸಾಲ್ಟ್, ಅದರಲ್ಲಿ ಗುಳಿ ಗುಳಿಯಾಗಿ ರಂಧ್ರಗಳಿರುತ್ತವೆ. ದಂಡೆಯಿಂದ ಎತ್ತಿದ ಕಲ್ಲು ನೀರು ಕುಡಿದಿರುತ್ತದೆ. ಕಾದಾಗ ಒಳಗಿನ ನೀರು ಆವಿಯಾಗಿ, ದಾರಿ ಸಿಗದೆ ಕಲ್ಲನ್ನು ಸಿಡಿಸುತ್ತದೆ. ಘಮೇಲಾದ ಕೆಳಗೂ ನಾನು ಇಡುವುದು ಎತ್ತರದ ಬಿಸಿಲು ಜಾಗದಿಂದ ತಂದ ಒಣ ಕಲ್ಲುಗಳನ್ನೇ. ಅವು ಆಸರೆಗಷ್ಟೇ, ಕೆಳಗಿನ ಹುಲ್ಲು ಸುಡದಿರಲಿ ಅಂತ.

ಹೇರುವಾಗ ಭಾರದ ಸಾಮಾನು ಕೆಳಗೆ, ಹಿಂದಿನ ಚಕ್ರದ ಅಚ್ಚಿಗಿಂತ ಮುಂದೆ ಬರಬೇಕು. ಐದು ಲೀಟರ್ ನೀರೆಂದರೆ ಐದು ಕಿಲೋ. ಅದನ್ನು ಕ್ಯಾರಿಯರ್‌ನ ತುದಿಗೆ ಕಟ್ಟಿದರೆ ಘಾಟಿನ ತಿರುವಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ. ಎರಡು ಕ್ಯಾನಾಗಿ ಹಂಚಿ ಎರಡೂ ಬದಿಯ ಚೀಲದ ತಳದಲ್ಲಿಡಿ. ಮಲಗುವ ಚೀಲ, ಟೆಂಟ್ ಹಗುರ, ಅವು ಮೇಲೆ. ಸೈಲೆನ್ಸರ್ ಬದಿಯ ಚೀಲ ಕೊಳವೆಯಿಂದ ಮೂರು ಬೆರಳಾದರೂ ದೂರ ಇರಲಿ; ಖಾಲಿ ಗಾಡಿಯಲ್ಲಿ ಅಳೆದ ಅಂತರ ಭಾರ ಹೇರಿದ ಮೇಲೆ ಉಳಿಯುವುದಿಲ್ಲ. ಕೊಕ್ಕೆಯ ರಬ್ಬರ್ ಹಗ್ಗವನ್ನು ನಾನು ನಂಬುವುದಿಲ್ಲ. ಗುಂಡಿಯಲ್ಲಿ ಹಾರಿದಾಗ ಕೊಕ್ಕೆ ಕಳಚಿ ಚೈನಿಗೋ ಕಡ್ಡಿಗೋ ಸಿಕ್ಕರೆ ಚಕ್ರ ಹಿಡಿದುಬಿಡುತ್ತದೆ. ಬಕಲ್ ಇರುವ ಚಪ್ಪಟೆ ಪಟ್ಟಿ ಒಳ್ಳೆಯದು, ಅದರ ಉಳಿದ ತುದಿಯನ್ನೂ ಸುತ್ತಿ ಕಟ್ಟಬೇಕು. ಟಯರ್ ಗಾಳಿ ಹಿಂಬದಿ ಸವಾರನಿರುವಾಗ ಕೈಪಿಡಿ ಹೇಳುವಷ್ಟು, ಚೈನ್ ಸಡಿಲ ನೋಡುವುದು ಅದರ ಪ್ರಕಾರವೇ. ಹಿಂಭಾರದಿಂದ ಹೆಡ್‌ಲೈಟ್ ಆಕಾಶ ನೋಡುತ್ತದೆ, ಹಿಂದಿನ ಶಾಕ್ ಬಿಗಿ ಮಾಡಿ ಸರಿಪಡಿಸಿ.

ಡ್ಯಾಮಿನ ನೀರು ಇಳಿದಂತೆ ತೆರೆದುಕೊಳ್ಳುವ ದಂಡೆ ಮೇಲೆ ಗಟ್ಟಿ, ಒಳಗೆ ಮೆತ್ತನೆ. ಸೈಡ್ ಸ್ಟ್ಯಾಂಡಿನ ಕೆಳಗೆ ಅಂಗೈಯಗಲದ ತಗಡಿಲ್ಲದಿದ್ದರೆ ಬೆಳಗಿನ ಹೊತ್ತಿಗೆ ಗಾಡಿ ಮಲಗಿರುತ್ತದೆ. ಸ್ವಲ್ಪ ಮೇಲೆ ಹೋದರೆ ಒಂದು ಗೇಣು ಮಣ್ಣು, ಕೆಳಗೆ ಬಂಡೆ. ಟೆಂಟಿನ ಜೊತೆ ಬರುವ ತಂತಿಯ ಗೂಟಗಳು ಅಲ್ಲೇ ಬಾಗುತ್ತವೆ. ಎಂಟು ಇಂಚಿನ ಮೊಳೆಗೆ ದೊಡ್ಡ ವಾಷರ್ ಹಾಕಿ ಹೊಡೆದರೆ ಗರಸು ನೆಲದಲ್ಲಿ ನಿಲ್ಲುತ್ತದೆ. ಬಂಡೆಯೇ ಇದ್ದರೆ ಹಗ್ಗದ ತುದಿಗೆ ಮೊಳದುದ್ದದ ಕೋಲು ಕಟ್ಟಿ ಅದರ ಮೇಲೆ ಕಲ್ಲು ಪೇರಿಸಿ. ಗೂಟವಿಲ್ಲದೆ ತಾನೇ ನಿಲ್ಲುವ ಗುಮ್ಮಟದ ಟೆಂಟನ್ನೇ ಕೊಳ್ಳಲು ಇದೇ ಕಾರಣ.

ಇನ್ನು ಬೆಂಕಿ. ಇಬ್ಬರ ಅಡುಗೆಗೆ ನಾಲ್ಕೈದು ಕಿಲೋ ಒಣ ಕಟ್ಟಿಗೆ ಸಾಕು. ಊರಿನಲ್ಲೇ ಕೊಂಡರೆ ಹೊರುವ ಕೆಲಸವಿಲ್ಲ. ಜಾಲಿ ಸಿಕ್ಕರೆ ಬಿಡಬೇಡಿ, ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮಾವು ಬೇಗ ಹತ್ತಿ ಬೇಗ ಬೂದಿಯಾಗುತ್ತದೆ. ಕಣಗಿಲೆ, ಕಳ್ಳಿ ಒಲೆಗೆ ಬರಲೇಕೂಡದು, ಎರಡೂ ವಿಷ. ಹೆಬ್ಬೆರಳು ಗಾತ್ರಕ್ಕೆ ಸೀಳಿ, ರೊಟ್ಟಿಗೆ ಮುಕ್ಕಾಲು ಗಂಟೆ ಮೊದಲೇ ಹೊತ್ತಿಸಿ. ಉರಿ ಇರುವಾಗ ಎಸರು ಕಾಯಿಸಿಕೊಳ್ಳಿ, ರೊಟ್ಟಿ ಜೊತೆಗಿನ ಝುಣಕ ಮುಗಿಸಿ: ನೂರು ಗ್ರಾಂ ಕಡಲೆ ಹಿಟ್ಟಿಗೆ ಕಾಲು ಲೀಟರಿಗಿಂತ ತುಸು ಹೆಚ್ಚು ನೀರು. ಪಾತ್ರೆಯ ಹೊರಮೈಗೆ ಮೊದಲೇ ಸಾಬೂನು ಸವರಿದ್ದರೆ ಮಸಿ ಒಂದೇ ಉಜ್ಜಿಗೆ ಬಿಡುತ್ತದೆ. ರೊಟ್ಟಿಗೆ ಮಾತ್ರ ಜ್ವಾಲೆ ಆಗದು. ಜ್ವಾಲೆಯ ಮೇಲೆ ಹಂಚಿನ ನಡುಭಾಗ ಕಾದು ಅಂಚು ತಣ್ಣಗಿರುತ್ತದೆ, ರೊಟ್ಟಿ ಅಲ್ಲಲ್ಲಿ ಕರಕು, ಅಲ್ಲಲ್ಲಿ ಹಸಿ.

ಹಿಟ್ಟು ಮಾಲದಂಡಿ ಜೋಳದ್ದು, ಬೀಸಿಸಿ ಹದಿನೈದು ದಿನದೊಳಗಿನದು. ಹಳೆಯದಾದರೆ ಜಿಗುಟು ಇರುವುದಿಲ್ಲ, ಬಡಿಯುವಾಗಲೇ ಬಿರಿಯುತ್ತದೆ. ಕಾಲು ಕಿಲೋಕ್ಕೆ ನಾಲ್ಕು ರೊಟ್ಟಿ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿಯುವ ಎಸರು. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಬಿಸಿನೀರಿಗೆ ಪಿಷ್ಟ ಬೆಂದು ಹಿಡಿದುಕೊಂಡರಷ್ಟೇ ಹಿಟ್ಟು ಒಂದಾಗುತ್ತದೆ, ಹಾಗಾಗಿ ಉಗುರುಬೆಚ್ಚಗಿನ ನೀರು ನಡೆಯುವುದಿಲ್ಲ. ಚಮಚೆಯ ಹಿಡಿಯಿಂದ ಕಲಸಿ, ಕೈ ತಾಳುವಷ್ಟಾದಾಗ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ. ಬಯಲಿನಲ್ಲಿ ಗಾಳಿಗೆ ಹಿಟ್ಟು ಒಣಗುತ್ತದೆ. ಉಳಿದ ಉಂಡೆಗಳ ಮೇಲೆ ಒದ್ದೆ ಬಟ್ಟೆ, ಕೂರುವುದು ಗಾಳಿಗೆ ಬೆನ್ನು ಮಾಡಿ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ. ಹೊಳಪು ಹೋಗಿ ಇನ್ನೂ ತೇವ ಇರುವಾಗಲೇ ತಿರುವಬೇಕು. ಪೂರ್ತಿ ಒಣಗಿದರೆ ಬಿರುಕು, ನೀರು ನಿಂತಿದ್ದರೆ ಹಂಚಿಗೆ ಅಂಟು. ಎರಡನೇ ಬದಿ ಬೆಂದ ಮೇಲೆ ಒಂದು ಪಟ್ಟಿ ಸರಿಸಿ ಕೆಂಡದ ಎದುರು ನಿಲ್ಲಿಸಿದರೆ ಉಬ್ಬುತ್ತದೆ. ಆಮೇಲೆ ಅದೇ ಕೆಂಡದಲ್ಲಿ ಎರಡು ಬದನೆಕಾಯಿ ಹೂಳಿ. ಶೇಂಗಾ ಚಟ್ನಿಪುಡಿ ಮನೆಯಿಂದಲೇ ಬಂದಿರುತ್ತದೆ.

ಚಳಿ ಎಂದು ಕೆಂಡದ ಘಮೇಲಾವನ್ನು ಟೆಂಟಿನೊಳಗೆ ಎಳೆದುಕೊಳ್ಳುವವರಿದ್ದಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಲಗುವ ಮುನ್ನ ನೀರು ಹಾಕಿ, ಕೆದಕಿ, ಮತ್ತೆ ಹಾಕಿ, ಅಂಗೈ ಹಿಂಭಾಗಕ್ಕೆ ಬಿಸಿ ತಾಗದಷ್ಟಾದ ಮೇಲೆಯೇ ಬಿಡಿ. ಇದಕ್ಕೆ ಎರಡು ಲೀಟರ್ ನೀರು ಬೇರೆಯೇ ಎಣಿಸಿಕೊಳ್ಳಬೇಕು.

ಬೆಳಗ್ಗೆ ಗಾಳಿ ಏಳುವ ಮುನ್ನ ಬಿಲ್ಲಿನ ಅಭ್ಯಾಸ. ಬಿಚ್ಚಿ ಜೋಡಿಸುವ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಆದರೆ ಇಪ್ಪತ್ತೈದು ಇಂಚಿನ ರೈಸರ್, ಅಂದರೆ ನಡುವಿನ ಹಿಡಿ, ಬದಿ ಚೀಲದ ಮೇಲೆ ಉದ್ದಕ್ಕೆ ಕೂರುತ್ತದೆ, ಲಿಂಬ್‌ಗಳು, ಅಂದರೆ ಬಾಗುವ ಎರಡು ತೋಳುಗಳು, ಮಲಗುವ ಚೀಲದ ಸುರುಳಿಯ ನಡುವೆ, ಬಾಣಗಳು ಮುಚ್ಚಳವಿರುವ ಪಿವಿಸಿ ಕೊಳವೆಯಲ್ಲಿ. ಗುರಿಗೆ ಗೋಣಿಚೀಲ ಖಾಲಿಯಾಗಿಯೇ ಬರುತ್ತದೆ. ಪವನಾ ಇರುವ ಮಾವಳ ತಾಲೂಕು ಭತ್ತದ ಸೀಮೆ, ಸುಗ್ಗಿ ಆದ ಮೇಲೆ ಹುಲ್ಲಿಗೆ ಕೊರತೆಯಿಲ್ಲ. ಮೊಳದಷ್ಟು ದಪ್ಪ ಬರುವಂತೆ ಕಾಲಿನಿಂದ ತುಳಿದು ತುಂಬಿದರೆ ಇಪ್ಪತ್ತೈದು ಪೌಂಡಿನ (ಹೆದೆ ಎಳೆಯಲು ಬೇಕಾದ ಬಲ) ಬಿಲ್ಲಿನ ಬಾಣ ನಿಲ್ಲುತ್ತದೆ. ಸಡಿಲ ತುಂಬಿದರೆ ಆಚೆ ಹಾಯುತ್ತದೆ. ಅದರ ಹಿಂದೆ ಹಳೆಯ ದಪ್ಪ ಕಂಬಳಿಯನ್ನು ಜೋಲಾಗಿ ನೇತುಹಾಕಿ, ಬಿಗಿದು ಕಟ್ಟಬೇಡಿ. ಜೋಲು ಬಟ್ಟೆ ಬಾಣದ ವೇಗ ನುಂಗುತ್ತದೆ. ಅಂತರ ಹದಿನೈದು ಮೀಟರ್ ಸಾಕು. ತಪ್ಪಿದ ಬಾಣ ನೂರು ಮೀಟರ್ ದಾಟಬಲ್ಲದು, ಆದ್ದರಿಂದ ಗುರಿಯ ಹಿಂದೆ ಅಷ್ಟೂ ದೂರ ಕಣ್ಣಿಗೆ ಕಾಣಬೇಕು. ಕೆರೆಯ ಕಡೆಗೆ ಬೇಡ, ಮೀನಿನವರ ತೆಪ್ಪ ಇರುತ್ತದೆ. ದನ ಮೇಯಲು ಬಂದರೆ ಹೆದೆ ಇಳಿಸಿ. ಇಳಿಸಿದ ಲಿಂಬ್‌ಗಳನ್ನು ಬಿಸಿಲಿಗೆ ಕಾದ ಸೀಟಿನ ಮೇಲೆ ಇಡಬಾರದು, ಪದರ ಬಿಡುತ್ತವೆ.

ಬಂಡೆಗೆ ತಾಗಿದ ಕಾರ್ಬನ್ ಬಾಣವನ್ನು ಹಾಗೇ ಮತ್ತೆ ಹೂಡಬೇಡಿ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ಸುತ್ತ ತಿರುಗಿಸುತ್ತ ನಾಲ್ಕೂ ಕಡೆ. ಚಿಟ್ ಎಂದರೆ ಮುರಿದು ಚೀಲಕ್ಕೆ ಹಾಕಿ. ಸೀಳಿದ ಬಾಣ ಬಿಡುವಾಗ ಒಡೆದರೆ ಸಿಬಿರು ಬಿಲ್ಲು ಹಿಡಿದ ಕೈಯೊಳಗೇ ಹೋಗುತ್ತದೆ. ಕಲ್ಲು ಜಾಸ್ತಿ ಇರುವ ಕಡೆ ನಾನು ಅಲ್ಯೂಮಿನಿಯಂ ಬಾಣ ಒಯ್ಯುತ್ತೇನೆ; ಬಾಗುತ್ತದೆ, ಸಿಬಿರೇಳುವುದಿಲ್ಲ.