ಹಳೆಯ ಕಾರಿಗೆ ಹೊಸ ಪ್ರೊಪೆಲ್ಲರ್ ಶಾಫ್ಟ್: ಅಳತೆ ತೆಗೆಯುವ ಕ್ರಮ

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಬೆಳಗಾವಿಯಲ್ಲಿ ಆ ಕಾರನ್ನು ಜತನದಿಂದ ಇಟ್ಟುಕೊಂಡವರು, ಹೊಸದಾಗಿ ಕಟ್ಟಿಸುವವರು ಇಂದಿಗೂ ಇದ್ದಾರೆ. 1.5 ಲೀಟರಿನ ಮೂಲ ಎಂಜಿನ್ ಇಳಿಸಿ, 1990ರ ದಶಕದಲ್ಲಿ ಬಂದ ಇಸುಜು 1.8 ಲೀಟರ್ ಎಂಜಿನ್ನನ್ನೂ ಅದರ ಐದು ಗೇರಿನ ಗೇರ್‌ಬಾಕ್ಸನ್ನೂ ಕೂರಿಸುವುದು ಇಂಥ ಕೆಲಸಗಳಲ್ಲಿ ಸಾಮಾನ್ಯ. ಗೇರ್‌ಬಾಕ್ಸ್ ಬದಲಾದರೆ ಅದರ ಬಾಲದಿಂದ ಹಿಂದಿನ ಆಕ್ಸಲ್‌ವರೆಗಿನ ಅಂತರವೂ ಬದಲಾಗುವುದರಿಂದ ಅವೆರಡರ ನಡುವೆ ತಿರುಗಿ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಹಳೆಯ ಪ್ರೊಪೆಲ್ಲರ್ ಶಾಫ್ಟ್ ಹೊಂದುವುದಿಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇಥ್ ಕೆಲಸಗಾರರು ನೀವು ಕೊಟ್ಟ ಅಳತೆಗೆ ಸರಿಯಾಗಿ ಪೈಪು ಕತ್ತರಿಸಿ ಬೆಸೆದು ಕೊಡಬಲ್ಲರು, ಆದರೆ ಕಾರಿನ ಕೆಳಗೆ ಮಲಗಿ ಅಳೆಯುವ ಹೊಣೆ ಕಾರು ಕಟ್ಟುವವರದೇ.

ಎಲ್ಲಕ್ಕಿಂತ ಮೊದಲು ಕಾರು ತನ್ನ ಪೂರ್ಣ ಭಾರದಲ್ಲಿ ನಿಂತಿರಬೇಕು. ಎಂಜಿನ್, ಗೇರ್‌ಬಾಕ್ಸ್, ಅವುಗಳ ಮೌಂಟಿಂಗ್ ರಬ್ಬರ್, ಸೀಟು, ಬ್ಯಾಟರಿ, ನೀವು ಕೊನೆಗೆ ಹಾಕಲಿರುವ ಸ್ಪ್ರಿಂಗ್ ಮತ್ತು ಟೈರು ಎಲ್ಲವೂ ತಮ್ಮ ಜಾಗದಲ್ಲಿರಬೇಕು. ಕಾರಿನ ಬಾಡಿಯ ಕೆಳಗೆ ಜ್ಯಾಕ್ ಕೊಟ್ಟು ಹಿಂದಿನ ಆಕ್ಸಲ್ ಜೋತುಬಿದ್ದ ಸ್ಥಿತಿಯಲ್ಲಿ ತೆಗೆದ ಅಳತೆಯಿಂದ ಪ್ರಯೋಜನವಿಲ್ಲ. ಗುಂಡಿ ಇರುವ ಗ್ಯಾರೇಜು ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಸ್ಟ್ಯಾಂಡುಗಳನ್ನು ಹಿಂದೆ ಆಕ್ಸಲ್ ಹೌಸಿಂಗಿನ ಕೆಳಗೂ, ಮುಂದೆ ಸಸ್ಪೆನ್ಷನ್ನಿನ ಕೆಳತೋಳಿನ ಕೆಳಗೂ ಕೊಟ್ಟು ಸ್ಪ್ರಿಂಗ್‌ಗಳ ಮೇಲೆ ಭಾರ ಉಳಿಯುವಂತೆ ನೋಡಿಕೊಳ್ಳಬೇಕು. ಬೆಳಗಾವಿಯ ಮಳೆಗಾಲದಲ್ಲಿ ಮಣ್ಣು ನೆಲದ ಶೆಡ್ಡಿನಲ್ಲಿ ಸ್ಟ್ಯಾಂಡು ಕುಸಿಯುವ ಅಪಾಯ ನಿಜವಾದದ್ದು. ಕಾರಿನ ಕೆಳಗೆ ಹೋಗುವ ಕೆಲಸವನ್ನು ಕಾಂಕ್ರೀಟ್ ನೆಲದ ಮೇಲೆ, ಗಾಲಿಗಳಿಗೆ ಅಡೆ ಕೊಟ್ಟೇ ಮಾಡಬೇಕು.

ಎರಡನೆಯದು ಉದ್ದ. ಗೇರ್‌ಬಾಕ್ಸಿನ ಬಾಲದೊಳಗೆ ಜಾರುವ ಸ್ಲಿಪ್ ಯೋಕ್ (ಶಾಫ್ಟಿನ ತುದಿಯ ಕವೆಯಾಕಾರದ ತುಂಡು) ಇದ್ದರೆ, ಆ ಗೇರ್‌ಬಾಕ್ಸಿಗೆ ಸೇರಿದ ಯೋಕನ್ನೇ ತಂದು ಮೊದಲು ಪೂರ್ತಿ ಒಳಗೆ ತಳ್ಳಿ, ಆಯಿಲ್ ಸೀಲಿನ ಅಂಚಿಗೆ ಸರಿಯಾಗಿ ಯೋಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ನಂತರ ಆ ಗೆರೆ ಸೀಲಿನಿಂದ 20ರಿಂದ 25 ಮಿ.ಮೀ. ಹೊರಗೆ ಬರುವಷ್ಟು ಯೋಕನ್ನು ಎಳೆದು ನಿಲ್ಲಿಸಿ. ಗಾಲಿ ಗುಂಡಿಗೆ ಇಳಿದು ಏರಿದಾಗ ಆಕ್ಸಲ್ ಮುಂದಕ್ಕೂ ಹಿಂದಕ್ಕೂ ಸ್ವಲ್ಪ ಸರಿಯುತ್ತದೆ. ಯೋಕಿಗೆ ಒಳಗೆ ಜಾಗವಿರದಿದ್ದರೆ ಆ ತಳ್ಳಾಟವನ್ನೆಲ್ಲ ಗೇರ್‌ಬಾಕ್ಸಿನ ಬೇರಿಂಗ್ ತಿನ್ನಬೇಕಾಗುತ್ತದೆ. ಇನ್ನೂ ಹೆಚ್ಚು ಹೊರಗೆ ಬಿಟ್ಟರೆ ಒಳಗಿನ ಹಲ್ಲುಗಳ ಹಿಡಿತ ಕಡಿಮೆಯಾಗಿ ಯೋಕ್ ಅಲುಗಾಡುತ್ತದೆ. ಬಳಸಿದ ಯೋಕ್ ಆಗಿದ್ದರೆ ಅದರ ಮೈಮೇಲೆ ಸೀಲ್ ಉಜ್ಜಿ ಹೊಳಪಾದ ಪಟ್ಟಿಯೊಂದು ಕಾಣುತ್ತದೆ. ಅಲ್ಲಿ ಉಗುರಿಗೆ ಸಿಗುವಂಥ ಗೀರು ಬಿದ್ದಿದ್ದರೆ ಎಣ್ಣೆ ಸೋರುವುದು ಖಚಿತ, ಆ ಯೋಕನ್ನು ಬದಲಿಸಿ.

ಯೋಕ್ ಆ ಸ್ಥಾನದಲ್ಲಿರುವಾಗ ಅದರ ಕ್ರಾಸ್ (ಎರಡು ಯೋಕುಗಳನ್ನು ಕೂಡಿಸುವ ನಾಲ್ಕು ತೋಳಿನ ಕೀಲು) ಕೂರುವ ರಂಧ್ರದ ಮಧ್ಯದಿಂದ ಹಿಂದಿನ ಪಿನಿಯನ್ (ಡಿಫರೆನ್ಷಿಯಲ್ಲಿನೊಳಗೆ ಶಕ್ತಿ ಒಯ್ಯುವ ಹಲ್ಲಿನ ದಂಡ) ಯೋಕಿನ ಕ್ರಾಸ್ ಮಧ್ಯದವರೆಗಿನ ನೇರ ಅಂತರವೇ ಶಾಫ್ಟಿನ ಉದ್ದ. ಹಿಂದೆ ಯೋಕ್ ಬದಲು ಚಪ್ಪಟೆ ಫ್ಲ್ಯಾಂಜ್ ಇದ್ದರೆ ಫ್ಲ್ಯಾಂಜಿನ ಮುಖದವರೆಗೆ ಅಳೆದು, ‘ಕ್ರಾಸ್ ಮಧ್ಯದಿಂದ ಫ್ಲ್ಯಾಂಜ್ ಮುಖಕ್ಕೆ’ ಎಂದು ಸ್ಪಷ್ಟವಾಗಿ ಬರೆಯಿರಿ; ಫ್ಲ್ಯಾಂಜಿನ ಬೋಲ್ಟ್ ರಂಧ್ರಗಳ ಅಂತರ, ವ್ಯಾಸ ಮತ್ತು ನಡುವಿನ ದಿಂಡಿನ ವ್ಯಾಸವನ್ನೂ ಸೇರಿಸಬೇಕು. ಟೇಪನ್ನು ಎಕ್ಸಾಸ್ಟ್ ಪೈಪಿನ ಮೇಲೆ ಬಾಗಿಸಿ ಹಿಡಿಯಬಾರದು. ಇಬ್ಬರು ಸೇರಿ ಅಳೆದು, ಟೇಪನ್ನು ತಿರುಗಿಸಿ ಇನ್ನೊಂದು ತುದಿಯಿಂದ ಮತ್ತೆ ಅಳೆದಾಗ ಎರಡೂ ಅಂಕಿಗಳು ಒಂದೆರಡು ಮಿ.ಮೀ.ಯೊಳಗೆ ಕೂಡಬೇಕು. ಅಂಗಡಿಯಲ್ಲಿ ಇಂಚಿನ ಮಾತೂ ಮಿ.ಮೀ. ಮಾತೂ ಬೆರೆಯುವುದರಿಂದ ಅಲ್ಲಿಗೆ ಕೊಡುವ ಅಳತೆಯ ಚೀಟಿಯ ತುಂಬ ಮಿ.ಮೀ. ಒಂದನ್ನೇ ಇಡುವುದು ಕ್ಷೇಮ.

ಕ್ರಾಸಿನ ಅಳತೆಗೆ ವರ್ನಿಯರ್ ಬೇಕೇ ಬೇಕು. ತೋಳುಗಳ ತುದಿಗೆ ಕೂರುವ ಬೇರಿಂಗ್ ಕಪ್ಪಿನ ವ್ಯಾಸ, ಎದುರು ಬದುರಿನ ಕಪ್ಪುಗಳ ಒಟ್ಟು ಅಗಲ, ಕಪ್ಪನ್ನು ಹಿಡಿದಿಡುವ ಬಳೆಯಾದ ಸರ್ಕ್ಲಿಪ್ ಒಳಗಡೆಯದೋ ಹೊರಗಡೆಯದೋ ಎಂಬ ಮೂರು ವಿವರಗಳು ಸಾಕು. 1310 ಶ್ರೇಣಿಯ ಕ್ರಾಸಿನ ಕಪ್ 27 ಮಿ.ಮೀ., ಅಗಲ ಸುಮಾರು 82 ಮಿ.ಮೀ.; 1330ರ ಕಪ್ ಅಷ್ಟೇ ಇದ್ದರೂ ಅಗಲ 92 ಮಿ.ಮೀ. ಕಣ್ಣಂದಾಜಿನಲ್ಲಿ ಇವು ಅದಲುಬದಲಾಗುತ್ತವೆ. ಮುಂದಿನ ಯೋಕ್ ಒಂದು ಶ್ರೇಣಿಯದು, ಹಿಂದಿನದು ಇನ್ನೊಂದರದು ಆಗಿದ್ದರೆ ಎರಡನ್ನೂ ಬರೆಯಿರಿ.

ಕೋನದ ವಿಷಯವನ್ನು ಗಡಿಬಿಡಿಯಲ್ಲಿ ಬಿಡುವವರೇ ಹೆಚ್ಚು, ಶಾಫ್ಟಿನ ನಡುಕಕ್ಕೆ ಬಹಳ ಸಲ ಅದೇ ಕಾರಣ. ಕ್ರಾಸ್ ಒಂದು ಕೋನದಲ್ಲಿ ತಿರುಗುವಾಗ ಅದರಾಚೆಯ ಶಾಫ್ಟಿನ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಹೆಚ್ಚುಕಡಿಮೆಯಾಗುತ್ತದೆ. ಹಿಂದಿನ ಕ್ರಾಸ್ ಅಷ್ಟೇ ಕೋನದಲ್ಲಿದ್ದರೆ ಆ ಏರಿಳಿತ ಅಲ್ಲಿ ರದ್ದಾಗುತ್ತದೆ. ಡಿಜಿಟಲ್ ಕೋನಮಾಪಕದಿಂದ ಗೇರ್‌ಬಾಕ್ಸಿನ ಅಕ್ಷದ ಓಲು, ಪಿನಿಯನ್ನಿನ ಓಲು, ಎರಡು ಕ್ರಾಸ್ ಮಧ್ಯಗಳ ನಡುವೆ ಹಿಡಿದ ನೇರ ಅಲ್ಯೂಮಿನಿಯಂ ಪಟ್ಟಿಯ ಓಲು, ಹೀಗೆ ಮೂರನ್ನು ನೋಡಿಕೊಳ್ಳಿ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ, ಪಟ್ಟಿ 5 ಡಿಗ್ರಿ, ಪಿನಿಯನ್ 3 ಡಿಗ್ರಿ ಇಳಿದಿದ್ದರೆ ಮುಂದಿನ ಕ್ರಾಸಿನ ಕೋನ 2, ಹಿಂದಿನದೂ 2. ಇದು ಬೇಕಾದ ಸ್ಥಿತಿ. ಎರಡೂ ಅರ್ಧ ಡಿಗ್ರಿಗಿಂತ ಮೇಲೆ, 3 ಡಿಗ್ರಿಯ ಒಳಗೆ ಇದ್ದು, ಪರಸ್ಪರ ವ್ಯತ್ಯಾಸ 1 ಡಿಗ್ರಿ ಮೀರಬಾರದು. ಸೊನ್ನೆ ಕೋನವೂ ಒಳ್ಳೆಯದಲ್ಲ, ಏಕೆಂದರೆ ಆಗ ಕಪ್ಪಿನೊಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗವನ್ನು ಒತ್ತಿ ಗುಳಿ ಮಾಡುತ್ತವೆ. ಅಂಬಾಸಿಡರ್‌ನಂತೆ ಹಿಂದೆ ಲೀಫ್ ಸ್ಪ್ರಿಂಗ್ ಇರುವ ಕಾರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಪಿನಿಯನ್ನಿನ ಮೂತಿ ಮೇಲೇಳುತ್ತದೆ. ಅದಕ್ಕಾಗಿ ನಿಂತ ಸ್ಥಿತಿಯಲ್ಲಿ ಅದನ್ನು ಒಂದು ಡಿಗ್ರಿಯಷ್ಟು ತಗ್ಗಿಸಿಟ್ಟುಕೊಳ್ಳುವುದುಂಟು. ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆಯಾದ ಉಕ್ಕಿನ ಬೆಣೆ ಕೊಟ್ಟರೆ ಇದು ಸಾಧ್ಯ. ಬೆಣೆ ಹಾಕಿದ ಮೇಲೆ ಉದ್ದವನ್ನು ಮತ್ತೆ ಅಳೆಯಲೇಬೇಕು, ಏಕೆಂದರೆ ಪಿನಿಯನ್ ತಿರುಗಿದೊಡನೆ ಅದರ ಯೋಕಿನ ಸ್ಥಾನವೂ ಸರಿದಿರುತ್ತದೆ.

ಇನ್ನು ಪೈಪು. ಅಂಗಡಿಯಲ್ಲಿ ಇದ್ದುದನ್ನೇ ಹಾಕಿ ಎನ್ನಬೇಡಿ. ಪ್ರತಿ ಶಾಫ್ಟಿಗೂ ಒಂದು ವೇಗದಲ್ಲಿ ತಾನೇ ಬಿಲ್ಲಿನಂತೆ ಬಾಗತೊಡಗುವ ಮಿತಿಯುಂಟು, ಮತ್ತು ಉದ್ದ ಹೆಚ್ಚಿದಂತೆ ಆ ಮಿತಿ ಉದ್ದದ ವರ್ಗದ ಪ್ರಮಾಣದಲ್ಲಿ ಕುಸಿಯುತ್ತದೆ. ಹೊರವ್ಯಾಸ 63.5 ಮಿ.ಮೀ., ದಪ್ಪ 1.65 ಮಿ.ಮೀ. ಇರುವ ಉಕ್ಕಿನ ಪೈಪು 1,300 ಮಿ.ಮೀ. ಉದ್ದದಲ್ಲಿ ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 6,200 ಸುತ್ತಿನವರೆಗೆ ತಡೆದರೆ, 1,500 ಮಿ.ಮೀ.ಗೆ ಬಂದಾಗ ಸುಮಾರು 4,650ಕ್ಕೆ ಇಳಿಯುತ್ತದೆ. ಅದರ ಮುಕ್ಕಾಲು ಭಾಗವನ್ನಷ್ಟೇ ಸುರಕ್ಷಿತವೆಂದು ಹಿಡಿಯಬೇಕು. ಟೈರಿನ ವ್ಯಾಸ 650 ಮಿ.ಮೀ., ಡಿಫರೆನ್ಷಿಯಲ್ ಅನುಪಾತ 4.5 ಇರುವ ಕಾರು ಗಂಟೆಗೆ 100 ಕಿ.ಮೀ. ಓಡುವಾಗ ಶಾಫ್ಟ್ ಸುಮಾರು 3,700 ಸುತ್ತು ತಿರುಗುತ್ತದೆ. ಪುಣೆ ರಸ್ತೆಯಲ್ಲಿ ಆ ವೇಗ ಸಹಜ. ಹಾಗಾಗಿ ಉದ್ದನೆಯ ಶಾಫ್ಟಿಗೆ ದಪ್ಪ ಹೆಚ್ಚಿಸುವುದಕ್ಕಿಂತ ವ್ಯಾಸ ಹೆಚ್ಚಿಸುವುದೇ ದಾರಿ. ಆದರೆ ಅದಕ್ಕೂ ಮೊದಲು ನೆಲತಟ್ಟೆಯ ಸುರಂಗದಲ್ಲಿ ಸುತ್ತಲೂ ಕನಿಷ್ಠ 25 ಮಿ.ಮೀ. ಬಿಡುವು ಉಳಿಯುವುದೇ, ಹ್ಯಾಂಡ್‌ಬ್ರೇಕ್ ಕೇಬಲ್ ತಗಲುವುದೇ ಎಂದು ಆಕ್ಸಲ್ಲನ್ನು ಬಂಪ್ ರಬ್ಬರಿನವರೆಗೆ ಏರಿಸಿ ನೋಡಬೇಕು.

ಮೂಲ ಶಾಫ್ಟನ್ನು ಕತ್ತರಿಸಲು ಕೊಡಬೇಡಿ, ಅದನ್ನು ಎಣ್ಣೆ ಸವರಿ ಎತ್ತಿಡಿ. ಮುಂದೆ ಯಾರಾದರೂ ಕಾರನ್ನು ಮೂಲ ರೂಪಕ್ಕೆ ತರಬಯಸಿದರೆ ಆ ಭಾಗ ಬೇರೆಲ್ಲೂ ಸುಲಭವಾಗಿ ಸಿಗದು. ಹೊಸ ಶಾಫ್ಟಿನ ಎರಡೂ ತುದಿಯ ಯೋಕಿನ ಕಿವಿಗಳು ಒಂದೇ ಸಾಲಿನಲ್ಲಿ ಇರುವಂತೆ ಬೆಸೆಯಬೇಕೆಂದು ಚೀಟಿಯಲ್ಲಿ ಬರೆದು, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ಕೊಡುವಂತೆ ಕೇಳಿರಿ.

ಜೋಡಿಸಿದ ನಂತರ ವಂಟಮೂರಿ ಘಾಟಿನ ಕಡೆ ಒಮ್ಮೆ ಓಡಿಸಿ ನೋಡಬಹುದು. ನಡುಕ ಕಾರಿನ ವೇಗವನ್ನೇ ಹಿಂಬಾಲಿಸಿದರೆ, ಗೇರ್ ಬದಲಿಸಿದರೂ ಅದೇ ವೇಗದಲ್ಲಿ ಬಂದರೆ, ಟೈರುಗಳನ್ನು ಪರೀಕ್ಷಿಸಿ ನಂತರ ಶಾಫ್ಟಿನ ಬ್ಯಾಲೆನ್ಸ್ ನೋಡಿಸಿ. ಏರಿನಲ್ಲಿ ಒತ್ತಡ ಬಿದ್ದಾಗ ಮಾತ್ರ ಬಂದರೆ ಪಿನಿಯನ್ನಿನ ಕೋನವನ್ನು ಮತ್ತೆ ಅಳೆಯಿರಿ. ಮೊದಲ 500 ಕಿ.ಮೀ. ಆದ ಮೇಲೆ ಫ್ಲ್ಯಾಂಜಿನ ಬೋಲ್ಟುಗಳನ್ನು ಬಿಗಿದು, ಕ್ರಾಸಿಗೆ ನಿಪ್ಪಲ್ ಇದ್ದರೆ ನಾಲ್ಕೂ ಕಪ್ಪುಗಳ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿರಿ.