ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಹಾಕೋ ಮುಂಚೆ ನಾನು ಬರೆದ ಒಂದು ತಿಂಗಳ ಡೈರಿ

ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಶೂಟಿಂಗ್‌ಗೂ ಹೋಗುತ್ತೇನೆ, ಆದರೆ ಅನ್ನ ಹಾಕೋದು ಎಡಿಟಿಂಗೇ. 2018ರಲ್ಲಿ ತಗೊಂಡ ಜಿಟಿಎಕ್ಸ್ 1060 ಕಾರ್ಡ್, ಆರು ಜಿಬಿ ಮೆಮೊರಿದು, ಅದರಲ್ಲೇ 2024ರ ತನಕ ಎಳೆದೆ. ಬದಲಾಯಿಸಬೇಕಾ ಬೇಡವಾ ಅಂತ ಹಳೇ ಡೈರಿಯೊಂದರಲ್ಲಿ ತಿಂಗಳು ಪೂರ್ತಿ ಲೆಕ್ಕ ಬರೆಯುತ್ತಿದ್ದಾಗ ಜೊತೆಯವರೆಲ್ಲ ನಕ್ಕರು. "ಕಾರ್ಡ್ ತಗೊಳ್ಳೋಕೆ ಡೈರಿ ಬರೀತಾರಾ ಮಾರಾಯ, ದುಡ್ಡಿದ್ರೆ ತಗೋ, ಇಲ್ದಿದ್ರೆ ಬಿಡು" ಅಂದ ಒಬ್ಬ. ಅವನು 50 ಸಾವಿರ ಚಿಲ್ಲರೆ ಕೊಟ್ಟು ತಂದ ಕಾರ್ಡ್‌ನಲ್ಲಿ ಟೈಮ್‌ಲೈನ್ (ಎಡಿಟ್ ಮಾಡುವಾಗ ತುಣುಕು ಜೋಡಿಸಿ ಓಡಿಸಿ ನೋಡೋ ಪಟ್ಟಿ) ಇವತ್ತಿಗೂ ತಡವರಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಡೈರಿ ಬುದ್ಧಿ ನನಗೆ ಸುಮ್ನೆ ಬಂದಿದ್ದಲ್ಲ, ದುಡ್ಡು ಕಳಕೊಂಡು ಬಂದಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಅನ್ನೋ ಡಿಜಿಟಲ್ ಹಣದ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಹಗಲು ರಾತ್ರಿ ಲೆಕ್ಕ ಓಡಿಸಿ ಅದನ್ನ ಗಳಿಸೋದು) ನಿಂತಿತಲ್ಲ, ಆಗ ಅದಕ್ಕೆ ದುಡಿದ ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳು ರಾಶಿ ಬಿದ್ದವು. ನಾನೂ ಆಸೆಗೆ ಬಿದ್ದು ಒಂದು 3060 ಟಿಐ ತಂದೆ, ಹತ್ತಿರ ಹತ್ತಿರ 22 ಸಾವಿರ. ಬಾಕ್ಸ್ ಇಲ್ಲ, ಬಿಲ್ ಇಲ್ಲ. ಐದು ತಿಂಗಳು ಕುದುರೆ ಥರ ಓಡಿತು. ಆಮೇಲೆ ಒಂದು ರಾತ್ರಿ ಮದುಮಗಳ ಮುಖದ ಮೇಲೆ ಹಸಿರು, ನೇರಳೆ ಚೌಕಗಳು ಬರತೊಡಗಿದವು. ಮಾರನೇ ದಿನ ಡೆಲಿವರಿ ಬೇರೆ! ರಿಪೇರಿಯವರು ಮೆಮೊರಿ ಚಿಪ್ ಹೋಗಿದೆ ಅಂತ ನಾಲ್ಕು ಸಾವಿರ ತಗೊಂಡು ಬಿಸಿ ಮಾಡಿ ಕೊಟ್ಟರು, ಹನ್ನೊಂದು ದಿನ ಬಂತು. 26 ಸಾವಿರ ನೀರಲ್ಲಿ ಹೋಮ. ಮತ್ತೆ 1060ಯೇ ಗತಿ.

ನಷ್ಟಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ಒಂದಕ್ಕೆ. "ಆ ಐದು ತಿಂಗಳಲ್ಲಿ ಎಷ್ಟು ಉಳೀತು?" ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ. ಫಾಸ್ಟ್ ಆಯ್ತು ಅಂತ ಗೊತ್ತು, ಎಷ್ಟು ಅಂತ ಗೊತ್ತಿಲ್ಲ.

ಹಾಗಾಗಿ 2024ರ ಫೆಬ್ರವರಿ ಸೀಸನ್‌ನಲ್ಲಿ ಬರೆಯೋಕೆ ಕೂತೆ. ನಿಯಮ ಒಂದೇ. ನಾನು ಕುರ್ಚಿಯಲ್ಲಿ ಕೂತು, ಕೈಕಟ್ಟಿ, ಕಂಪ್ಯೂಟರ್ ಮುಗಿಸೋದನ್ನ ಕಾಯುತ್ತಿದ್ದರೆ ಮಾತ್ರ ಅದು ಲೆಕ್ಕಕ್ಕೆ. ರಾತ್ರಿ ರೆಂಡರ್‌ಗೆ (ಕೊನೇ ವಿಡಿಯೊ ಫೈಲ್ ತಯಾರಾಗೋಕೆ) ಹಾಕಿ ಮಲಗಿದರೆ ಅದು ಸೊನ್ನೆ, ಎರಡು ಗಂಟೆ ತಗೊಳ್ಳಲಿ, ಆರು ಗಂಟೆ ತಗೊಳ್ಳಲಿ. ಯೂಟ್ಯೂಬ್‌ನಲ್ಲಿ ತೋರಿಸೋ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ಹೆಚ್ಚಿನವು ಈ ರೆಂಡರ್ ಟೈಮೇ, ಅದನ್ನ ನೋಡಿ ನಾವು ಕಾರ್ಡ್ ತರುತ್ತೇವೆ. ನಿದ್ದೆ ಮಾಡುವಾಗ ಉಳಿದ ನಾಲ್ಕು ಗಂಟೆಗೆ ಯಾರೂ ದುಡ್ಡು ಕೊಡಲ್ಲ ಅಲ್ವಾ?

ಮೂರು ಕಾಲಮ್ ಹಾಕಿದ್ದೆ. ಏನು ಮಾಡುತ್ತಿದ್ದೆ, ಎಷ್ಟು ನಿಮಿಷ ಕಾದೆ, ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವ ಗ್ರಾಫ್ ಮೇಲಕ್ಕೆ ಹೋಗಿತ್ತು. ಈ ಮೂರನೇದರಲ್ಲಿ ಮೊದಲ ವಾರ ನಾನೇ ಮೋಸಹೋದೆ. ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಪುಟದಲ್ಲಿ ಮೊದಲು ಕಾಣೋದು 3ಡಿ ಗ್ರಾಫ್, ಅದು 15, 20 ಪರ್ಸೆಂಟ್‌ನಲ್ಲಿ ಆರಾಮಾಗಿ ಮಲಗಿರುತ್ತದೆ. ಹೆಸರಿನ ಪಕ್ಕದ ಸಣ್ಣ ಬಾಣ ಒತ್ತಿ ವಿಡಿಯೊ ಡಿಕೋಡ್ (ಕುಗ್ಗಿಸಿದ ಫೈಲ್ ಬಿಚ್ಚೋದು), ಕುಡಾ (ಕಾರ್ಡ್ ಮಾಡೋ ಲೆಕ್ಕದ ಕೆಲಸ) ಅಂತ ಬದಲಾಯಿಸಿಕೊಂಡು ನೋಡಬೇಕು. ಆ ವಾರದ ಪುಟ ಹರಿದು ಹಾಕಿದೆ.

ತಿಂಗಳ ಕೊನೆಗೆ ಸುಮಾರು 31 ಗಂಟೆ ಕಾದಿದ್ದೆ. ಅದರಲ್ಲಿ 19 ಗಂಟೆ ನಾಯ್ಸ್ (ಕತ್ತಲೆ ದೃಶ್ಯದಲ್ಲಿ ಕಾಣೋ ಕಾಳು ಕಾಳು) ತೆಗೆಯೋದಕ್ಕೇ. ನಮ್ಮ ಕಡೆ ಆರತಕ್ಷತೆ ಸ್ಟೇಜ್ ಬೆಳಕು ಹೇಗಿರುತ್ತದೆ ಗೊತ್ತಲ್ಲ, ಮದುಮಕ್ಕಳ ಮೇಲೆ ಬಿಳಿ ಎಲ್‌ಇಡಿ, ಕೂತವರೆಲ್ಲ ಕತ್ತಲಲ್ಲಿ. ಐಎಸ್ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) ಏರಿಸಿ ಶೂಟ್ ಮಾಡಿದ್ದನ್ನ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಟೆಂಪೊರಲ್ (ಹಿಂದೆ ಮುಂದಿನ ಫ್ರೇಮ್ ಹೋಲಿಸಿ ನಾಯ್ಸ್ ತೆಗೆಯೋದು) ಹಾಕಿ ಒರೆಸಬೇಕು, ಒಂದೊಂದು ಸಲ ಸೆಟ್ಟಿಂಗ್ ಬದಲಾಯಿಸಿದಾಗಲೂ ಕಾಯಬೇಕು. ಇನ್ನು ಏಳೆಂಟು ಗಂಟೆ ಟೈಮ್‌ಲೈನ್ ತಡವರಿಸಿದ್ದು. ಉಳಿದಿದ್ದು ಹಾರ್ಡ್ ಡಿಸ್ಕ್ ಕಾಪಿ, ಚಿಲ್ಲರೆ.

ತಡವರಿಸೋದಕ್ಕೂ ಕಾರ್ಡ್ ಹಳೇದಾಗಿದ್ದಕ್ಕೂ ಸಂಬಂಧವೇ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಎಚ್.265 (ವಿಡಿಯೊ ಕುಗ್ಗಿಸೋ ಒಂದು ವಿಧಾನ), 10 ಬಿಟ್, 4:2:2 (ಬಣ್ಣದ ವಿವರ ಜಾಸ್ತಿ ಉಳಿಸೋ ಬಗೆ) ಇಟ್ಟಿದ್ದೆ. ನನ್ನ ಕಾರ್ಡ್ ಕಂಪನಿ ಎನ್‌ವಿಡಿಯಾದ 10ರಿಂದ (1060 ಇದೇ ಸೀರೀಸ್) 40 ಸೀರೀಸ್ ತನಕ ಯಾವ ಕಾರ್ಡೂ ಆ ಫೈಲನ್ನ ಹಾರ್ಡ್‌ವೇರ್‌ನಲ್ಲಿ ಬಿಚ್ಚಲ್ಲ, 2025ರ 50 ಸೀರೀಸ್‌ನಲ್ಲಿ ಅದು ಬಂತು. ಇಂಟೆಲ್‌ನಲ್ಲಾದರೆ 11ನೇ ತಲೆಮಾರಿನಿಂದ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಬಿಚ್ಚುತ್ತದೆ (ಹೆಸರಿನ ಕೊನೆಗೆ ಎಫ್ ಇದ್ದರೆ ಅದೂ ಇಲ್ಲ). ನನ್ನದು ರೈಜೆನ್ 5 3600, ಒಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಭಾರ ಎಲ್ಲ ಪ್ರೊಸೆಸರ್ ಮೇಲೆ. ಕ್ಯಾಮೆರಾ ಮೆನುಗೆ ಹೋಗಿ 4:2:0 (ಬಣ್ಣದ ವಿವರ ಕಮ್ಮಿ ಇರೋ ಬಗೆ), 10 ಬಿಟ್ ಮಾಡಿದೆ. ಹಳೇ 1060ಯೇ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿತು. ಖರ್ಚು ಸೊನ್ನೆ. ಮದುವೆ ಕೆಲಸದಲ್ಲಿ ಬಣ್ಣದ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣಲಿಲ್ಲ, ಗ್ರೀನ್ ಸ್ಕ್ರೀನ್ ಮಾಡೋರಿಗೆ ಕಾಣಬಹುದು. 50 ಸಾವಿರದ ಗೆಳೆಯನ ಕಾಯಿಲೆಯೂ ಇದೇ. ಹೇಳಿದರೆ "ಕ್ವಾಲಿಟಿ ಕಮ್ಮಿ ಆಗುತ್ತೆ" ಅಂತಾನೆ, ಆಗಲಿ.

ಉಳಿದ 19 ಗಂಟೆಗೆ ಮಾತ್ರ ಕಾರ್ಡ್ ಬೇಕಿತ್ತು.

ಈ ಮಧ್ಯೆ ಒಂದು ಪೆದ್ದು ಕೆಲಸ ಮಾಡಿದೆ. ಕ್ಲೌಡ್‌ನಲ್ಲಿ ಗಂಟೆ ಲೆಕ್ಕದಲ್ಲಿ ಜಿಪಿಯು ಬಾಡಿಗೆ ಸಿಗುತ್ತದಲ್ಲ, ಕಾರ್ಡೇ ಬೇಡ ಅಂದುಕೊಂಡೆ. ಬಾಡಿಗೆ ನಿಜಕ್ಕೂ ಅಗ್ಗ. ಆದರೆ ಒಂದು ಮದುವೆ ಅಂದರೆ 300 ಜಿಬಿ ಮೇಲೆ, ಅಪ್‌ಲೋಡ್‌ಗೆ ಎರಡು ರಾತ್ರಿ. ಎರಡನೇ ರಾತ್ರಿ ಮಳೆಗೆ ನೆಟ್ ಹೋಯಿತು. ಅಲ್ಲಿಗೆ ಬಿಟ್ಟೆ.

ಆಷಾಢ ಬಂತು. ಮದುವೆ ಇಲ್ಲ, ಮೆಷಿನ್ ಬಿಚ್ಚಿ ಹಾಕಿಕೊಂಡು ಕೂರೋಕೆ ನಮ್ಮ ಕಸುಬಿನವರಿಗೆ ಇದೇ ಟೈಮ್. ಪಕ್ಕದ ಮನೆ ಹುಡುಗ ಇಂಜಿನಿಯರಿಂಗ್ ಓದುತ್ತಾನೆ, ಗೇಮ್‌ಗೆ ಅಂತ ಹೊಸ 4060 ಕಾರ್ಡ್ ಹಾಕಿಸಿಕೊಂಡಿದ್ದ. "ಅಣ್ಣ, ಎರಡೇ ದಿನ, ಸ್ಕ್ರ್ಯಾಚ್ ಆಗಬಾರದು" ಅಂತ ಹೇಳಿ ಕೊಟ್ಟ. ನನ್ನದೇ ಒಂದು ಆರತಕ್ಷತೆಯ ಎರಡು ನಿಮಿಷದ ಕತ್ತಲೆ ತುಣುಕು ತಗೊಂಡು ಓಡಿಸಿದೆ. 1060ಯಲ್ಲಿ 14 ನಿಮಿಷ, 4060ಯಲ್ಲಿ ಐದಕ್ಕೆ ಸ್ವಲ್ಪ ಕಮ್ಮಿ. ಖುಷಿಯಾಯಿತು. ಆಮೇಲೆ ನನ್ನ ಮಾಮೂಲಿ ನೋಡ್‌ಗಳನ್ನೆಲ್ಲ (ರಿಸಾಲ್ವ್‌ನಲ್ಲಿ ಬಣ್ಣ, ನಾಯ್ಸ್ ತಿದ್ದೋ ಒಂದೊಂದು ಹಂತ) ಹಾಕಿ, ಟೈಟಲ್ ಸೇರಿಸಿ 4ಕೆಯಲ್ಲಿ ಓಡಿಸಿದರೆ ಜಿಪಿಯು ಮೆಮೊರಿ ತುಂಬಿದೆ ಅಂತ ನಿಂತಿತು. ಮೂರು ಸಲ ಓಡಿಸಿದೆ, ಮೂರು ಸಲವೂ ಅದೇ ಜಾಗದಲ್ಲಿ. 4ಕೆಯಲ್ಲಿ ಇಷ್ಟೆಲ್ಲ ಹಾಕಿದರೆ 4060ಯ ಎಂಟು ಜಿಬಿ ಸಾಲದು ಅಂತ ಆ ಎರಡು ದಿನದಲ್ಲಿ ಗೊತ್ತಾಯಿತು. ಇನ್ನೊಂದು, 4060ಗೆ ಇರೋದು ಎಂಟು ಲೇನ್ (ಬೋರ್ಡ್ ಜೊತೆ ಡೇಟಾ ಓಡಾಡೋ ದಾರಿ) ಮಾತ್ರ, ನನ್ನ ಬಿ450 ಬೋರ್ಡ್‌ನಲ್ಲಿ ಇರೋದು ಪಿಸಿಐಇ 3.0, ಅಂದರೆ ಆ ದಾರಿಯ ಹಳೇ ತಲೆಮಾರು. ಹೊಸ ಕಾರ್ಡ್ ಹಳೇ ಬೋರ್ಡ್‌ನಲ್ಲಿ ಅರ್ಧ ರಸ್ತೆಯಲ್ಲಿ ಓಡುತ್ತದೆ.

ಹಾಗಾಗಿ 2021ರ ಹಳೇ 3060, ಹನ್ನೆರಡು ಜಿಬಿದು, ಅದೇ ಸರಿ ಅನ್ನಿಸಿತು. ಹಳೇ ಕಾರ್ಡ್ ಹಿಂದೆ ಹೋಗ್ತೀಯಾ ಅಂತ ಇದಕ್ಕೂ ನಕ್ಕರು.

ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋದೆ, ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ. ನಾಲ್ಕು ಅಂಗಡಿ ಸುತ್ತಿದೆ. ಮೊದಲ ಮೂರರಲ್ಲಿ "ಮೈನಿಂಗ್ ಮಾಡಿಲ್ಲ ಸರ್, ಗೇಮಿಂಗ್ ಕಾರ್ಡು" ಅಂತ ಒಂದೇ ಮಂತ್ರ. ಮೈನಿಂಗ್ ಕಾರ್ಡನ್ನ ಕೈಯಲ್ಲಿ ಹಿಡಿದಾಗಲೇ ಹೇಳೋ ಒಂದು ಗುರುತು ನನಗೆ ಗೊತ್ತು, 26 ಸಾವಿರ ಕೊಟ್ಟು ಕಲಿತಿದ್ದು. ಇಲ್ಲಿ ಬರೆದರೆ ನಾಳೆಯಿಂದ ಅದನ್ನೂ ಒರೆಸಿ ಮಾರುತ್ತಾರೆ, ಅದಕ್ಕೆ ಬರೆಯಲ್ಲ. ನಾಲ್ಕನೇ ಅಂಗಡಿಯಲ್ಲಿ ಬಾಕ್ಸ್ ಇತ್ತು, ಬಾಕ್ಸ್ ಮೇಲಿನ ಸೀರಿಯಲ್ ನಂಬರೂ ಕಾರ್ಡ್ ಹಿಂದಿನದೂ ಒಂದೇ. ಅಲ್ಲೇ ಫರ್‌ಮಾರ್ಕ್ (ಕಾರ್ಡ್ ಮೇಲೆ ಪೂರ್ತಿ ಭಾರ ಹಾಕಿ ಪರೀಕ್ಷಿಸೋ ಸಾಫ್ಟ್‌ವೇರ್) ಕಾಲು ಗಂಟೆ ಓಡಿಸಿ ನೋಡಿದೆ, ಅಂಗಡಿಯವರು ಟೀ ತರಿಸಿದರು. 18,500 ಅಂದಿದ್ದು 17,500ಕ್ಕೆ ಇಳಿಯಿತು, ಏಳು ದಿನ ಟೆಸ್ಟಿಂಗ್ ವಾರಂಟಿ ಬಿಲ್ ಮೇಲೆ ಬರೆಸಿಕೊಂಡೆ.

ಮನೆಗೆ ತಂದು ಹಾಕಿದ ರಾತ್ರಿಯೇ ಮೂರು ಸಲ ಸಿಸ್ಟಮ್ ಆಫ್ ಆಯಿತು. ಎದೆ ಧಸಕ್ ಅಂತು. ಕಾರ್ಡ್ ತಪ್ಪಲ್ಲ, ಕ್ಯಾಬಿನೆಟ್ ಜೊತೆ ಬಂದಿದ್ದ ಪುಕ್ಕಟೆ ಎಸ್ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬಿ) ತಪ್ಪು. 450 ವ್ಯಾಟ್ ಅಂತ ಸ್ಟಿಕರ್ ಇತ್ತು, ಸ್ಟಿಕರ್‌ಗೇನು. 3060 ಕೇಳೋದು 170 ವ್ಯಾಟ್, ಅಷ್ಟೂ ಕೊಡಲಿಲ್ಲ. ಹೊಸ 550 ವ್ಯಾಟ್‌ಗೆ ಇನ್ನೊಂದು 4,500 ಹೋಯಿತು. ಈ ಖರ್ಚು ನನ್ನ ಡೈರಿಯಲ್ಲಿ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಲೆಕ್ಕ ಹೀಗಾಯಿತು. ಕಾರ್ಡ್, ಎಸ್ಎಂಪಿಎಸ್ ಸೇರಿ 22 ಸಾವಿರ, 1060 ಮಾರಿದ್ದು 5 ಸಾವಿರ, ಕೈಯಿಂದ ಹೋಗಿದ್ದು 17. ಕಾಯೋದು 19 ಗಂಟೆಯಿಂದ ಆರೂವರೆಗೆ ಬಂತು. ನನ್ನ ಹತ್ತಿರ ಬರೋ ಅಸಿಸ್ಟೆಂಟ್ ಹುಡುಗನಿಗೆ ಗಂಟೆಗೆ 200 ರೂಪಾಯಿ ಬೀಳುತ್ತದೆ, ಅದೇ ದರ ಹಾಕಿದರೆ ಸೀಸನ್ ತಿಂಗಳಲ್ಲಿ 2,500 ಉಳಿಕೆ. ಏಳು ಸೀಸನ್ ತಿಂಗಳಿಗೆ ವಾಪಸ್. ಗೆಳೆಯನ ಥರದ 50 ಸಾವಿರದ್ದು ತಂದಿದ್ದರೆ? ಆರೂವರೆ ಮೂರೂವರೆ ಆಗುತ್ತಿತ್ತು, ಅಂದರೆ ತಿಂಗಳಿಗೆ ಇನ್ನೊಂದು 600 ರೂಪಾಯಿ. ಆ ಹೆಚ್ಚಿನ ಮೂವತ್ತು ಚಿಲ್ಲರೆ ಸಾವಿರ ವಾಪಸ್ ಬರೋಕೆ, ವರ್ಷವೆಲ್ಲ ಸೀಸನ್ ಅಂದುಕೊಂಡರೂ ನಾಲ್ಕೈದು ವರ್ಷ, ಅಷ್ಟರಲ್ಲಿ ಕಾರ್ಡೇ ಹಳತಾಗಿರುತ್ತದೆ.

ನನಗೆ ಏಳು ತಿಂಗಳೂ ಬೇಕಾಗಲಿಲ್ಲ. ಊರಿನ ಇಬ್ಬರು ಸ್ಟುಡಿಯೊದವರು ತಮ್ಮ ಕತ್ತಲೆ ಫುಟೇಜ್ ಒರೆಸಿಕೊಡೋಕೆ ನನಗೇ ಕಳಿಸುತ್ತಾರೆ ಈಗ, ಮದುವೆಗೆ 1,200. ನಾಯ್ಸ್ ತೆಗೆಯೋ ನೋಡ್ ಯಾವ ಕ್ರಮದಲ್ಲಿ ಇಡುತ್ತೇನೆ ಅಂತ ಕೇಳುತ್ತಲೇ ಇರುತ್ತಾರೆ. ಅದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಸುಮ್ನೆ ಕುತೂಹಲಕ್ಕೆ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ (ಎಷ್ಟು ಕರೆಂಟ್ ಎಳೆಯಬಹುದು ಅನ್ನೋ ಮಿತಿ) 75 ಪರ್ಸೆಂಟ್‌ಗೆ ಇಳಿಸಿ ನೋಡಿದ್ದೆ. ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ಸೆಕೆಂಡ್ ಜಾಸ್ತಿ ಆಯಿತು, ಅಷ್ಟೇ. ಆದರೆ ಫ್ಯಾನ್ ಸದ್ದು ಅಡಗಿತು, ಮುಖ್ಯವಾಗಿ ಕರೆಂಟ್ ಹೋದಾಗ ನನ್ನ ಸಣ್ಣ ಯುಪಿಎಸ್ ಕಿರುಚಿಕೊಂಡು ಆಫ್ ಆಗೋದು ನಿಂತಿತು. ಪ್ರಾಜೆಕ್ಟ್ ಸೇವ್ ಮಾಡೋಕೆ ಈಗ ಎರಡು ನಿಮಿಷ ಸಿಗುತ್ತದೆ. ಹಾಗೇ ಬಿಟ್ಟಿದ್ದೇನೆ.

ಡೈರಿ ನಿಲ್ಲಿಸಿಲ್ಲ. ಹೋದ ತಿಂಗಳು ಒಟ್ಟು 11 ಗಂಟೆ ಕಾದಿದ್ದೇನೆ, ಅದರಲ್ಲಿ ನಾಲ್ಕೂವರೆ ಆ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಿಂದ ಕಾಪಿ ಆಗೋದನ್ನ. ಮುಂದಿನ ಆಷಾಢಕ್ಕೆ ಅದರ ಸರದಿ.