ಮುಕ್ಕಾಲು ಇಂಚಿನ ಹೆಂಗಸಿಗೆ ಸೀರೆ ಉಡಿಸುವ ಕ್ರಮ

ನಂಜನಗೂಡಿನಲ್ಲಿ 31 ವರ್ಷ ಟೈಲರ್ ಅಂಗಡಿ ನಡೆಸಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಂಗಡಿ ಮುಚ್ಚಿದೆ. ಆ ವರ್ಷ ಸ್ಟುಟ್‌ಗಾರ್ಟ್‌ನಲ್ಲಿರುವ ಮಗ ರಜೆಗೆ ಬಂದಾಗ ಎರಡು ಪೆಟ್ಟಿಗೆ ತಂದ. ಒಂದರಲ್ಲಿ ಫಾಲರ್ ಕಂಪನಿಯ ಸ್ಟೇಷನ್ ಕಟ್ಟಡದ ಕಿಟ್, ಅಂದರೆ ಪುಟಾಣಿ ಮಾದರಿ ರೈಲಿನ ಪಕ್ಕ ಇಡಲು ನಾವೇ ಬಿಡಿಭಾಗ ಅಂಟಿಸಿ ಕಟ್ಟುವ ಸ್ಟೇಷನ್. ಇನ್ನೊಂದರಲ್ಲಿ ಪ್ರೈಸರ್ ಕಂಪನಿಯ ಬಣ್ಣ ಹಚ್ಚದ ಗೊಂಬೆ ಜನ, ಪ್ಲಾಸ್ಟಿಕ್ ಫ್ರೇಮಿಗೆ ಸಾಲಾಗಿ ಅಂಟಿಕೊಂಡಿದ್ದರು. ಎರಡೂ ಜರ್ಮನಿಯ ಹಳೇ ಕಂಪನಿಗಳು. "ಅಪ್ಪಾ, ಸುಮ್ನೆ ಕೂತ್ಕೋಬೇಡಿ, ಇದನ್ನ ಮಾಡಿ" ಅಂದ. ಹೀಗೆ ಶುರುವಾಯಿತು.

ಮೊದಲು ಅಳತೆ. ಇದನ್ನು ಎಚ್‌ಓ ಸ್ಕೇಲ್ ಅನ್ನುತ್ತಾರೆ. ನಿಜದ ಅಳತೆಯಲ್ಲಿ 87ರಲ್ಲಿ ಒಂದು ಪಾಲು. ಐದೂವರೆ ಅಡಿ ಮನುಷ್ಯ ಅಂದರೆ 66 ಇಂಚು. 87ರಿಂದ ಭಾಗಿಸಿ, ಮುಕ್ಕಾಲು ಇಂಚು ಬರುತ್ತದೆ. ನನಗೆ ಅದು ಗೊತ್ತಿರುವ ಅಳತೆ, ಪ್ಯಾಂಟಿನ ಕೆಳಗೆ ಮಡಿಸಿ ಹೊಲಿಯುತ್ತೇವಲ್ಲ, ಅಷ್ಟೇ. ಹಳಿಯ ವಿಷಯ ಮಾತ್ರ ಕೇಳಬೇಡಿ. ನಮ್ಮ ಮೈಸೂರು–ಚಾಮರಾಜನಗರ ಲೈನು ನಾನು ಕಂಡ ಕಾಲದಲ್ಲಿ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್. ಈ ಸ್ಕೇಲಿನಲ್ಲಿ ಅದಕ್ಕೆ 12 ಮಿ.ಮೀ. ಹಳಿ ಬೇಕು. ಮಗ ಆಮೇಲೆ ತಂದ ಹಳಿ 16.5 ಮಿ.ಮೀ. ತಿಳಿದವರು ಬಂದರೆ ಬೇಗ ಕಾಫಿ ಕೊಟ್ಟು ಮಾತು ಬದಲಿಸುತ್ತೇನೆ.

ಇನ್ನೊಂದು ಲೆಕ್ಕ ಇದೆ. ನನ್ನ ಪ್ರಕಾರ ಬಣ್ಣ ಹಚ್ಚುವ ಕೆಲಸವೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ಮೇಜಿನ ಮುಂದೆ ನಿಂತು ಮೂರು ಅಡಿ ದೂರದಿಂದ ಗೊಂಬೆ ನೋಡುತ್ತೀರಿ ಅಂದುಕೊಳ್ಳಿ. ಅದು ನಿಜದ ಮನುಷ್ಯನನ್ನು 261 ಅಡಿ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಿಂದ ಅಂಗಿಯ ಗುಂಡಿ ಕಾಣುತ್ತದಾ? ಕಣ್ಣಿನ ಕಪ್ಪು ಬಿಳುಪು? ಇಲ್ಲ. ಆದರೆ ಸೀರೆ ಉಟ್ಟಿದ್ದಾರೋ ಪಂಚೆ ಉಟ್ಟಿದ್ದಾರೋ ಗೊತ್ತಾಗುತ್ತದೆ. ತಲೆ ಮೇಲೆ ಹೊರೆ ಇದೆಯೋ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾರೋ ಗೊತ್ತಾಗುತ್ತದೆ. ಪರಿಚಯದವರಾದರೆ ನಿಂತ ಭಂಗಿಯಲ್ಲೇ ಗುರುತು ಹಿಡಿಯುತ್ತೇವೆ. ನಾನು ಮೊದಲ ಹತ್ತು ಗೊಂಬೆಗೆ ಭೂತಗನ್ನಡಿ ಹಿಡಿದು ಕಣ್ಣು ಬರೆದೆ. ದೂರದಿಂದ ನೋಡಿದರೆ ಎಲ್ಲರೂ ಬೆಚ್ಚಿಬಿದ್ದವರ ಹಾಗಿದ್ದರು. ಹತ್ತನ್ನೂ ಅಳಿಸಿದೆ.

ಹಾಗಾಗಿ ಗೊಂಬೆ ಆರಿಸುವಾಗ ಮುಖ ನೋಡಬೇಡಿ, ನಿಲುವು ನೋಡಿ. ಉದ್ದ ಕೋಟು ಅಥವಾ ಉದ್ದ ಲಂಗದ ಹೆಂಗಸು ಸೀರೆಗೆ ಸಲೀಸು. ಕೈ ಮೈಗೆ ಹತ್ತಿರ ಇರಬೇಕು. ಕೈ ಬೀಸಿಕೊಂಡು ನಡೆಯುವವಳಿಗೆ ಸೆರಗು ಕೂರುವುದಿಲ್ಲ. ಮೂಟೆ ಹೊತ್ತ ರೈತ ಯಾವ ದೇಶದವನಾದರೂ ನಮ್ಮವನೇ. ಹ್ಯಾಟ್ ಇದ್ದರೆ ಅಂಚು ಕೆತ್ತಿ ಹಾಕಿ, ಬಿಳಿ ನೂಲನ್ನು ಅಂಟಿನಲ್ಲಿ ಅದ್ದಿ ನಾಲ್ಕು ಸುತ್ತು ಸುತ್ತಿ. ಪೇಟ ಆಯಿತು.

ಫ್ರೇಮಿನಿಂದ ಗೊಂಬೆಯನ್ನು ಮುರಿದು ತೆಗೆಯಬೇಡಿ, ಕಟರ್‌ನಿಂದ ಕತ್ತರಿಸಿ. ಮೈ ಮೇಲೆ ಅಚ್ಚಿನ ಗೆರೆ ಸಣ್ಣಗೆ ಇರುತ್ತದೆ. ಬ್ಲೇಡಿನ ಹಿಂಬದಿಯಿಂದ ಹೆರೆದುಬಿಡಿ. ಬಿಟ್ಟರೆ ಬಣ್ಣ ಹಚ್ಚಿದ ಮೇಲೆ ಆ ಗೆರೆಯೇ ಮೊದಲು ಕಾಣುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಜಾಲಿಸಿ ಒಣಗಿಸಿ. ಎಣ್ಣೆ ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ.

ಕೈಯಲ್ಲಿ ಹಿಡಿದು ಬಣ್ಣ ಹಚ್ಚಲು ಆಗುವುದಿಲ್ಲ. ನನ್ನ ಉಪಾಯ ಇದು. ಪಾದದ ಕೆಳಗಿನ ಬಿಲ್ಲೆ ತೆಗೆದು, ಪುಟ್ಟ ಕೈ ಡ್ರಿಲ್ಲಿನಿಂದ ಪಾದಕ್ಕೆ ತೂತು ಮಾಡಿ. ಗುಂಡುಸೂಜಿಯ ತಲೆ ಕತ್ತರಿಸಿ ಆ ತೂತಿಗೆ ಕ್ವಿಕ್ ಅಂಟಿನಲ್ಲಿ ಕೂರಿಸಿ. ಸೂಜಿಯನ್ನು ಬಾಟಲಿಯ ಬಿರಡೆಗೆ ಚುಚ್ಚಿದರೆ ಹಿಡಿ ಸಿದ್ಧ. ಮುಂದೆ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಲೂ ಅದೇ ಸೂಜಿ.

ಈಗ ಸೀರೆ. ಇಲ್ಲಿ ನನ್ನ ವೃತ್ತಿಯ ಅಹಂಕಾರ ಸ್ವಲ್ಪ ಬರುತ್ತದೆ, ಸಹಿಸಿಕೊಳ್ಳಿ. ಐದೂವರೆ ಮೀಟರ್ ಸೀರೆ ಈ ಸ್ಕೇಲಿನಲ್ಲಿ 63 ಮಿ.ಮೀ. ಉದ್ದ, 13 ಮಿ.ಮೀ. ಅಗಲ. ಮೊದಲ ಸಲ ಲೆಕ್ಕ ಸರಿ ಇದೆ ಅಂತ ಅಷ್ಟನ್ನೂ ಟಿಶ್ಯೂ ಕಾಗದದಲ್ಲಿ ಕತ್ತರಿಸಿ ಸುತ್ತಿದೆ. ಹೆಂಗಸು ಹತ್ತಿ ಮೂಟೆಯಾದಳು. ಟಿಶ್ಯೂ ನಮ್ಮ ಕೈಗೆ ತೆಳು, ಆದರೆ 87 ಪಟ್ಟು ದಪ್ಪ ಮಾಡಿದರೆ ಅದು ರಜಾಯಿ. ಆದ್ದರಿಂದ ಪೂರ್ತಿ ಉಡಿಸಬಾರದು, ಉಟ್ಟ ಹಾಗೆ ಕಾಣಿಸಬೇಕು.

ಮುಖ ಒರೆಸುವ ಟಿಶ್ಯೂವಿನ ಪದರ ಬಿಡಿಸಿ, ಒಂದೇ ಪದರ ತಗೊಳ್ಳಿ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ. ಗಿಡ್ಡ ಲಂಗದ ಗೊಂಬೆಯಾದರೆ ಕಾಲುಗಳ ಮಧ್ಯೆ ಇದೇ ಅಂಟಿನಲ್ಲಿ ಅದ್ದಿದ ಟಿಶ್ಯೂ ಉಂಡೆ ತುರುಕಿ ಒಣಗಲು ಬಿಡಿ. ಆಮೇಲೆ ಸೊಂಟದಿಂದ ಪಾದದವರೆಗಿನ ಪಟ್ಟಿಯನ್ನು ಒಂದೇ ಸುತ್ತು ಸುತ್ತಿ. ಜೋಡಣೆ ಹಿಂದೆ ಬರಲಿ. ಒದ್ದೆ ಇರುವಾಗಲೇ ಮುಂದೆ ಗುಂಡುಸೂಜಿಯಿಂದ ಮೇಲಿಂದ ಕೆಳಗೆ ಮೂರು ಗೀರು ಎಳೆಯಿರಿ. ಅದೇ ನೆರಿಗೆ. ಮೂರು ಸಾಕು, ಏಳೆಂಟು ಎಳೆದರೆ ಟಿಶ್ಯೂ ಹರಿಯುತ್ತದೆ. ಸೆರಗಿಗೆ 5 ಮಿ.ಮೀ. ಅಗಲದ ಬೇರೆ ಪಟ್ಟಿ. ಬಲ ಸೊಂಟದಿಂದ ಎದೆ ಮೇಲೆ ಹಾಯಿಸಿ, ಎಡ ಹೆಗಲ ಮೇಲೆ ಹಾಕಿ, ಹಿಂದೆ ಮೊಣಕಾಲ ತನಕ ಇಳಿಬಿಡಿ. ತುದಿಯನ್ನು ಬೆನ್ನಿಗೆ ಅಂಟಿಸಬೇಡಿ. ಕೂದಲೆಳೆಯಷ್ಟು ಬಿಟ್ಟಿರಲಿ. ರೈಲು ಬರುವ ಸ್ಟೇಷನ್ನಿನಲ್ಲಿ ಗಾಳಿ ಇರುತ್ತದಲ್ವಾ.

ಪಂಚೆ ಇದಕ್ಕಿಂತ ಸುಲಭ. ಒಂದು ಸುತ್ತು, ಮುಂದೆ ಒಂದು ಮಡಿಕೆ. ಕಚ್ಚೆ ಪಂಚೆ ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಒಂದು ರಾತ್ರಿ ಒಣಗಿದ ಮೇಲೆ ಪ್ರೈಮರ್, ಅಂದರೆ ತಳದ ಬಣ್ಣ. ಮ್ಯಾಟ್, ಅಂದರೆ ಹೊಳಪಿಲ್ಲದ, ಬೂದು ಬಣ್ಣದ ಸ್ಪ್ರೇ ಡಬ್ಬಿ ಸಾಕು. ಒಂದು ಗೇಣು ದೂರದಿಂದ, ತೆಳುವಾಗಿ, ಎರಡು ಸಲ. ಮಳೆ ದಿನ ಹೊಡೆಯಬೇಡಿ. ಆಷಾಢದಲ್ಲಿ ಒಮ್ಮೆ ತಾರಸಿ ಮೇಲೆ ಹೊಡೆದೆ. ಗೊಂಬೆಗಳ ಮೈಯೆಲ್ಲ ರವೆ ಸುರಿದ ಹಾಗೆ ತರಿತರಿಯಾಯಿತು.

ಬ್ರಷ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ನಾನೂ ಮಾಡಿದೆ. ಗೊಂಬೆ ಚಿಕ್ಕದು ಅಂತ ಮೂರು ಸೊನ್ನೆ ನಂಬರಿನ ಬ್ರಷ್ ತಂದೆ. ಅದರಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ತುದಿ ಚೂಪಾಗಿರುವ 0 ಅಥವಾ 1 ನಂಬರ್ ಬ್ರಷ್ ತಗೊಳ್ಳಿ. ಬಣ್ಣ ಅಕ್ರಿಲಿಕ್. ಕ್ಯಾಮೆಲ್ ಟ್ಯೂಬಿನಲ್ಲಿ ಕಲಿಯಬಹುದು. ವ್ಯಾಲೆಹೋ ಕಂಪನಿಯ ಬಣ್ಣದ ಬಾಟಲಿ ದುಬಾರಿ, ಆದರೆ ತೆಳುವಾಗಿ ಹಚ್ಚಿದರೂ ಮುಚ್ಚುತ್ತದೆ. ಯಾವುದಾದರೂ ಹಾಲಿನ ಹದಕ್ಕೆ ತೆಳು ಮಾಡಿ. ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿಸಿಕೊಂಡು ಕೂತರೆ ಕೈ ನಡುಗುವುದಿಲ್ಲ. ಸೂಜಿಗೆ ದಾರ ಪೋಣಿಸುವಾಗ ಮಾಡುವುದೂ ಅದನ್ನೇ.

ಮೊದಲು ಚರ್ಮ, ಆಮೇಲೆ ಬಟ್ಟೆ, ಕೊನೆಗೆ ಕೂದಲು. ಚರ್ಮದ ಬಣ್ಣ ಅಂತ ಬರುವ ಬಾಟಲಿಗಳು ಹೆಚ್ಚಾಗಿ ಗುಲಾಬಿ. ನಮಗೆ ಆಗಲ್ಲ. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು, ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ, ಚೂರು ಬಿಳಿ ಬೆರೆಸಿ. ಒಂದೇ ಬಟ್ಟಲಿನಿಂದ ಎಲ್ಲರಿಗೂ ಹಚ್ಚಬೇಡಿ. ಪ್ರತಿ ಮೂರು ಜನಕ್ಕೆ ಪಾಲು ಸ್ವಲ್ಪ ಬದಲಿಸಿ.

ಬಟ್ಟೆಗೆ ಟ್ಯೂಬಿನಿಂದ ಬಂದ ಬಣ್ಣ ಹಾಗೇ ಹಚ್ಚಿದರೆ ಆಟದ ಸಾಮಾನಾಗುತ್ತದೆ. 261 ಅಡಿ ದೂರದ ಬಣ್ಣ ಸ್ವಲ್ಪ ಮಾಸಲಾಗಿರುತ್ತದೆ. ಎಲ್ಲಕ್ಕೂ ಚೂರು ಬೂದು ಬೆರೆಸಿ. ಪಂಚೆಗೆ ಅಚ್ಚ ಬಿಳಿ ಬೇಡ, ನಾಲ್ಕು ಸಲ ಒಗೆದ ಬಿಳಿ ಬೇಕು. ಕೂದಲಿಗೆ ಕಪ್ಪು ಬೇಡ, ಕಡು ಬೂದು. ಸೀರೆ ಅಂಚನ್ನು ಗೆರೆಯಾಗಿ ಬರೆಯಲು ಹೋಗಬೇಡಿ. ಬ್ರಷ್ಷಿನ ಮಗ್ಗುಲನ್ನು ಟಿಶ್ಯೂ ಅಂಚಿಗೆ ಸವರಿ, ತಾನಾಗೇ ಗೆರೆ ಬರುತ್ತದೆ. ಜರಿಗೆ ಚಿನ್ನದ ಬಣ್ಣ ಹಾಕಿದರೆ ತಗಡಿನ ಹಾಗೆ ಕಾಣುತ್ತದೆ, ಓಕರ್ ಹಾಕಿ. ಪೋರ್ಟರಿಗೆ ಮಾತ್ರ ಕೆಂಪು ಅಂಗಿ ಧಾರಾಳವಾಗಿ ಹಚ್ಚಿ, ಅವನು ದೂರದಿಂದ ಕಾಣಲೇಬೇಕು. ಕೊನೆಗೆ ಸೂಜಿ ಮೊನೆಯಿಂದ ತುರುಬಿನ ಮೇಲೆ ಒಂದು ಬಿಳಿ ಚುಕ್ಕಿ. ಮಲ್ಲಿಗೆ. ಅದು ಎಷ್ಟು ದೂರದಿಂದಲೂ ಕಾಣುತ್ತದೆ.

ಇದಾದ ಮೇಲೆ ಕಂದು ಬಣ್ಣವನ್ನು ಕಾಫಿ ಡಿಕಾಕ್ಷನ್‌ಗಿಂತ ತೆಳುವಾಗಿ ಮಾಡಿ ಮೈಯೆಲ್ಲ ಹರಿಸಿ. ನೆರಿಗೆಯೊಳಗೆ, ಕತ್ತಿನ ಕೆಳಗೆ, ಕಣ್ಣಿನ ಗುಳಿಯಲ್ಲಿ ಅದೇ ಹೋಗಿ ನಿಲ್ಲುತ್ತದೆ. ಕಣ್ಣು ಬರೆಯದೆ ಕಣ್ಣು ಬಂತು. ಒಣಗಿದ ಮೇಲೆ ತಿಳಿ ಬಣ್ಣದ ಬ್ರಷ್ಷನ್ನು ಹಳೇ ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ಉಬ್ಬಿದ ಜಾಗ ಸವರಿ. ಮೇಲೆ ಮ್ಯಾಟ್ ವಾರ್ನಿಷ್. ಹೊಳೆಯುವ ವಾರ್ನಿಷ್ ಹೊಡೆದರೆ ಇಷ್ಟೂ ಕೆಲಸ ವ್ಯರ್ಥ.

ಸಾಮಾನು ಸರಂಜಾಮು ಅಡುಗೆಮನೆಯಲ್ಲೇ ಇದೆ. ಸಾಸಿವೆ ಕಾಳು 2 ಮಿ.ಮೀ., 87 ಪಟ್ಟು ಅಂದರೆ ಸುಮಾರು ಏಳು ಇಂಚು. ಹಸಿರು ಹಚ್ಚಿದರೆ ಎಳನೀರು. ರಾಗಿ ಕಾಳು ಅಂದರೆ ಸುಲಿದ ತೆಂಗಿನಕಾಯಿ. ಹುರಿದು, ವಾರ್ನಿಷ್ ಹಾಕಿ ಅಂಟಿಸಿ. ನಾನು ಹಸಿ ರಾಗಿ ಇಟ್ಟು, ಒಂದು ಬೆಳಗ್ಗೆ ನೋಡಿದರೆ ಸ್ಟೇಷನ್ ತುಂಬ ಇರುವೆ. ಆ ಸ್ಕೇಲಿನಲ್ಲಿ ಇರುವೆ ಅಂದರೆ ನಾಯಿ.

ಕಟ್ಟಡದ ಕಿಟ್ಟಿಗೆ ಬಂದರೆ, ಅಂಟಿಸುವುದು ಕಷ್ಟವಲ್ಲ. ಭಾಗಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಪ್ಲಾಸ್ಟಿಕ್ಕಿಗೆಂದೇ ಬರುವ ನೀರಿನಂಥ ಅಂಟನ್ನು ಒಳಗಡೆಯಿಂದ ಸಂದಿಗೆ ಮುಟ್ಟಿಸಿದರೆ ತಾನೇ ಹರಿದುಕೊಂಡು ಹೋಗುತ್ತದೆ. ಮೂಲೆ ನೇರ ಬರಲು ಬೆಂಕಿಪೆಟ್ಟಿಗೆ ಒತ್ತಿ ಇಡಿ. ಗೋಡೆಗೆ ಬಣ್ಣ ಮೊದಲೇ ಹಚ್ಚಿ, ಆದರೆ ಅಂಟು ಬೀಳುವ ಅಂಚಿನಲ್ಲಿ ಬಣ್ಣ ಹೆರೆದಿರಬೇಕು, ಇಲ್ಲದಿದ್ದರೆ ಹಿಡಿಯಲ್ಲ. ಕಿಟಕಿ ಗಾಜಿಗೆ ಮಾತ್ರ ಕ್ವಿಕ್ ಅಂಟು ಹಾಕಬೇಡಿ. ಬಿಳಿ ಹೊಗೆ ಕೂತು ಸ್ಟೇಷನ್ ಮಾಸ್ಟರ್ ಕೋಣೆ ಬಚ್ಚಲಮನೆಯಾಗುತ್ತದೆ. ಫೆವಿಕಾಲ್ ಸಾಕು. ದೀಪ ಹಾಕುವುದಿದ್ದರೆ ಗೋಡೆಯ ಒಳಮೈಗೆ ಮೊದಲು ಕಪ್ಪು ಬಳಿಯಿರಿ. ಇಲ್ಲವಾದರೆ ಪ್ಲಾಸ್ಟಿಕ್ ಗೋಡೆಯೇ ಲಾಟೀನಿನ ಹಾಗೆ ಬೆಳಗುತ್ತದೆ. 12 ವೋಲ್ಟಿಗೆ ಒಂದು ಎಲ್‌ಇಡಿ, ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್.

ಜರ್ಮನಿಯ ಸ್ಟೇಷನ್ನನ್ನು ನಮ್ಮದು ಮಾಡುವುದರಲ್ಲಿ ಖುಷಿ ಜಾಸ್ತಿ. ಅವರ ಮಾಡು ಹಿಮ ಜಾರಲಿ ಅಂತ ಕಡಿದಾಗಿರುತ್ತದೆ. ಪಕ್ಕದ ತ್ರಿಕೋನ ಗೋಡೆಯ ತುದಿ ಕತ್ತರಿಸಿ ಇಳಿಜಾರು ತಗ್ಗಿಸಿದೆ. ಆಗ ಮಾಡಿನ ಹಲಗೆ ಉದ್ದ ಉಳಿಯಿತು. ಅದನ್ನು ಕತ್ತರಿಸದೆ ಸೂರಾಗಿ ಮುಂದಕ್ಕೆ ಬಿಟ್ಟೆ. ನಮ್ಮ ಸ್ಟೇಷನ್ನಿಗೆ ಬೇಕಾದದ್ದೇ ಅದು, ಮಳೆಗೂ ಬಿಸಿಲಿಗೂ ನಿಲ್ಲಲು ಜಾಗ. ಹೊಗೆಗೂಡು ತೆಗೆದು ತೂತಿಗೆ ಪುಟ್ಟಿ ತುಂಬಿದೆ. ಕಿಟಕಿಯ ಹೂವಿನ ತೊಟ್ಟಿ ಡಬ್ಬಿಗೆ ಹೋಯಿತು.

ಹೆಂಚಿಗೆ ಒಂದೇ ಕಿತ್ತಳೆ ಬಣ್ಣ ಹಚ್ಚಬೇಡಿ. ಮಂಗಳೂರು ಹೆಂಚು ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ್ದು, ಅಂದಿನಿಂದ ಮಳೆಯಲ್ಲಿ ನೆನೆದು ಕಪ್ಪಾಗುತ್ತಲೇ ಇದೆ. ಇಟ್ಟಿಗೆ ಕೆಂಪು ಬಳಿದು, ಅಲ್ಲೊಂದು ಇಲ್ಲೊಂದು ಹೆಂಚಿಗೆ ಬೇರೆ ಕೆಂಪು ಹಾಕಿ. ಅದು ಒಡೆದ ಹೆಂಚು ಬದಲಿಸಿದ ಗುರುತು. ಆಮೇಲೆ ಕಪ್ಪು ಕಂದು ನೀರನ್ನು ಮೇಲಿಂದ ಕೆಳಗೇ ಎಳೆಯಿರಿ, ಅಡ್ಡಡ್ಡ ಅಲ್ಲ. ಮಳೆ ನೀರು ಅಡ್ಡಡ್ಡ ಹರಿಯುವುದಿಲ್ಲ.

ಗೋಡೆಯ ಕೆಳಗಿನ ಪಟ್ಟಿಗೂ ಪ್ಲಾಟ್‌ಫಾರ್ಮಿನ ಧೂಳಿಗೂ ನಾನು ಬಳಸುವುದು ಹೊಸಿಲಿಗೆ ಬಳಿಯುವ ಕೆಮ್ಮಣ್ಣು. ಹಳೇ ವಾಯಿಲ್ ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬ್ರಷ್ಷಿನಿಂದ ಉಜ್ಜಿ. ಬಿಸಿಲಿಗೆ ಮಾಸುವುದಿಲ್ಲ. ಅರಿಶಿನ ಮಾತ್ರ ಹಾಕಬೇಡಿ. ಊರಿನ ಹೆಸರಿನ ಹಳದಿ ಬೋರ್ಡಿಗೆ ಮೊದಲು ಅರಿಶಿನ ಹಚ್ಚಿದ್ದೆ, ಕಿಟಕಿ ಬಿಸಿಲಿಗೆ ಎರಡೇ ತಿಂಗಳಲ್ಲಿ ಬಿಳಿಚಿಕೊಂಡಿತು. ಈಗಿನದು ಕಂಪ್ಯೂಟರ್ ಪ್ರಿಂಟ್, ಮೇಲೆ ಕನ್ನಡ, ಕೆಳಗೆ ಹಿಂದಿ, ಇಂಗ್ಲಿಷ್. ಅಕ್ಷರ ಓದಲು ಬಾರದಷ್ಟು ಚಿಕ್ಕದಾದರೂ ಪರವಾಗಿಲ್ಲ, ಮೂರು ಸಾಲು ಕಪ್ಪು ಕಂಡರೆ ಸಾಕು.

ಜನರನ್ನು ನಿಲ್ಲಿಸುವಾಗ ಸರಿಸಮ ದೂರದಲ್ಲಿ ನಿಲ್ಲಿಸಬೇಡಿ. ನಮ್ಮವರು ನೆರಳು ಇದ್ದಲ್ಲಿ ಗುಂಪು ಕಟ್ಟುತ್ತಾರೆ. ಐದಾರು ಜನ ಸೂರಿನ ಕೆಳಗೆ, ಇಬ್ಬರು ಕಲ್ಲುಬೆಂಚಿನ ಮೇಲೆ, ಒಬ್ಬ ಮಾತ್ರ ಪ್ಲಾಟ್‌ಫಾರ್ಮಿನ ಅಂಚಿಗೆ ಬಂದು ರೈಲು ಬಂತಾ ಅಂತ ಕತ್ತು ಚಾಚಿರಬೇಕು. ಥರ್ಮೋಕೋಲ್ ಪ್ಲಾಟ್‌ಫಾರ್ಮಿಗೆ ಗುಂಡುಸೂಜಿ ಚುಚ್ಚಿ, ಅಷ್ಟೇ. ಅಂಟು ಹಾಕಬೇಡಿ. ಮೊಮ್ಮಗ ಒಂದು ದಿನ ರೈಲನ್ನು ಮೈಸೂರು ಕಡೆಯಿಂದ ಓಡಿಸುತ್ತಾನೆ, ಇನ್ನೊಂದು ದಿನ ಚಾಮರಾಜನಗರ ಕಡೆಯಿಂದ. ಆಗ ಇವರೆಲ್ಲ ಆ ಕಡೆ ತಿರುಗಬೇಕಲ್ವಾ.